ರೇನೊ ಭಾವ ತೆವಳಿದ ದಿನ

ನಮ್ಮೂರಿನಲ್ಲಿ ನನ್ನನ್ನು ಒನ್ನಿ ಎಂದು ಹೆಸರು ಹಿಡಿದು ಕರೆಯುತ್ತಿದ್ದವರು ಮೂರೇ ಜನ: ನನ್ನ ಹೆಂಡತಿ, ನನ್ನ ಅಕ್ಕ ಸೈಮಾ, ಚರ್ಚಿನ ಪಾದ್ರಿ. ಉಳಿದವರಿಗೆಲ್ಲ ನಾನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ‘ಒಂಬತ್ ಗಂಟೆ’ಯಾಗಿದ್ದೆ. ಪೆಟ್ರೋಲ್ ಬಂಕಿನವನು ಹಾಗೆ ಕರೆಯುತ್ತಿದ್ದ. ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವುದು ನನ್ನ ಕೆಲಸ. ಅಲ್ಲಿ ಹಾಜರಿ ಕೂಗುವ ಮೇಸ್ತ್ರಿಯೂ ಹಾಗೆಯೇ ಕೂಗುತ್ತಿದ್ದ. ಈ ಹೆಸರಿಟ್ಟವನು ಸೈಮಾ ಅಕ್ಕನ ಗಂಡ, ನನ್ನ ಭಾವ, ರೇನೊ ಕಂಗಾಸ್. ಅವನ ಬಗ್ಗೆ ಬರೆಯುತ್ತೇನೆ ಎಂದಾಗ ಅಕ್ಕ, ಸತ್ತವನ ಬಗ್ಗೆ ಒಳ್ಳೆಯದನ್ನೇ ಬರಿ ಎಂದಳು. ಬರೆಯುತ್ತೇನೆ. ಆದರೆ ಒಳ್ಳೆಯದು ಕೊನೆಯಲ್ಲಿ ಬರುತ್ತದೆ, ಮತ್ತು ಅದು ನನಗೇನೂ ಒಳ್ಳೆಯದಲ್ಲ.

ರೇನೊ ಇಪ್ಪತ್ತಾರು ವರ್ಷ ಕಬ್ಬಿಣದ ಗಣಿಯಲ್ಲಿ ನೆಲದಡಿ ದುಡಿದವನು. ಕುಳ್ಳ, ಅಗಲ ಎದೆ, ಕೆಳದುಟಿಯೊಳಗೆ ಸದಾ ಒಂದು ಚಿಟಿಕೆ ಹೊಗೆಸೊಪ್ಪು. ಬಾಯಿ ಬಿಟ್ಟರೆ ಯಾರಿಗಾದರೂ ಒಂದು ಕಡೆ ಚುಚ್ಚಲೇಬೇಕು. ಅಜ್ಜಂದಿರ ಕಾಲದಲ್ಲಿ ಸಮುದ್ರ ದಾಟಿ ವಲಸೆ ಬಂದ ನಮ್ಮ ಸುಪೀರಿಯರ್ ಸರೋವರದ ದಂಡೆಯ ಫಿನ್ನರು ಮೊದಲೇ ಮಾತು ಕಡಿಮೆ ಆಡುವವರು. ಇವನು ಆಡುವ ಕಡಿಮೆ ಮಾತನ್ನೂ ಉಪ್ಪು ಸವರಿಯೇ ಆಡುತ್ತಿದ್ದ. ನನ್ನ ಮದುವೆಯ ಊಟದಲ್ಲಿ ಲೋಟ ಎತ್ತಿ ಎದ್ದು ನಿಂತು, ಮದುಮಗಳಿಗೆ, ಇವನು ಮನೆಗೆ ಬರುವ ದಾರಿ ತಪ್ಪಿದರೆ ಒಂಬತ್ತು ಗಂಟೆ ಕಾಯಮ್ಮ ಎಂದಿದ್ದ. ಮಂದಿ ಮೇಜು ಬಡಿದು ನಕ್ಕಿದ್ದರು. ನನ್ನ ಹೆಂಡತಿಯೂ ನಕ್ಕಳು. ನಾನೂ ನಕ್ಕೆ, ಇನ್ನೇನು ಮಾಡಲಿ.

ಆದರೆ ಬಾಣ ತಗುಲಿ ಓಡಿದ ಜಿಂಕೆಯನ್ನು ಹುಡುಕುವುದರಲ್ಲಿ ಅವನ ಸಮಕ್ಕೆ ಮೂರು ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಕೆಂಪಗೆ ಉದುರಿದ ಮೇಪಲ್ ಎಲೆಗಳ ಮೇಲೆ ಸಾಸಿವೆ ಕಾಳಿನಷ್ಟು ರಕ್ತ ಬಿದ್ದಿದ್ದರೂ ನಿಂತಲ್ಲಿಂದಲೇ ತೋರಿಸುತ್ತಿದ್ದ. ನೊರೆ ನೊರೆಯಾಗಿದ್ದರೆ ಶ್ವಾಸಕೋಶ, ಕಪ್ಪಗಿದ್ದರೆ ಈಲಿ, ನೀರು ಬೆರೆತು ಹಸಿರು ನಾರಿದರೆ ಹೊಟ್ಟೆ. ಮುರಿದ ಕಡ್ಡಿಯನ್ನು ಬೆರಳಲ್ಲಿ ಉಜ್ಜಿ, ಇದು ಬೆಳಗಿನ ಜಾವದ್ದು, ಇದು ನಿನ್ನೆಯದು ಎನ್ನುತ್ತಿದ್ದ. ಮನುಷ್ಯರ ವಿಷಯದಲ್ಲಿ ಎಷ್ಟು ಕಲ್ಲೋ, ಗಾಯಗೊಂಡ ಪ್ರಾಣಿಯ ವಿಷಯದಲ್ಲಿ ಅಷ್ಟೇ ಚಡಪಡಿಕೆಯವನು. ಅದನ್ನು ನೋಡಿಯೂ ನಾನು ಗಮನಿಸಿರಲಿಲ್ಲ. ಸಿಟ್ಟಿದ್ದವನಿಗೆ ಬೇಕಾದದ್ದಷ್ಟೇ ಕಾಣುತ್ತದೆ.

ಅಕ್ಟೋಬರಿನಲ್ಲಿ ಹತ್ತು ದಿನ ನಾವು ತೊರೆಯ ಪಕ್ಕದ ಮರದ ಗುಡಿಸಲಿನಲ್ಲಿ ಬೀಡು ಬಿಡುತ್ತಿದ್ದೆವು. ಗುಡಿಸಲು ಬರ್ಟಿಲ್‌ನದು. ಅವನು ಸ್ವೀಡನ್ನಿನ ವಂಶದವನು, ಊರಿನಲ್ಲಿ ಮಾಂಸದಂಗಡಿ ಇಟ್ಟವನು, ಬಂದೂಕು ಮುಟ್ಟಿದವರನ್ನು ಒಳಗೆ ಬಿಟ್ಟುಕೊಳ್ಳದವನು. ಅಲ್ಲಿ ಬಿಲ್ಲು ಮಾತ್ರ. ಗೋಡೆಯ ತುಂಬ ಅಂಗಿಯ ತುಂಡುಗಳು: ಗುರಿ ತಪ್ಪಿದವನ ಅಂಗಿಯ ಹಿಂಭಾಗವನ್ನು ಕತ್ತರಿಸಿ, ಹೆಸರು, ಇಸವಿ ಬರೆದು ಮೊಳೆ ಹೊಡೆಯುವುದು ನಮ್ಮ ಪದ್ಧತಿ. ಅದು ನಗುವಿನ ಗೋಡೆ. ಎದುರು ಗೋಡೆಯಲ್ಲಿ ನಗುವಿರಲಿಲ್ಲ. ಅಲ್ಲಿ ಮೊಳೆ ಹೊಡೆದದ್ದು ಬಿಲ್ಲುಗಳನ್ನು, ಹೆದೆ ಕತ್ತರಿಸಿ.

ಆ ಗೋಡೆಯ ಕಾನೂನು ರೇನೊ ಮಾಡಿದ್ದು. ತಪ್ಪಿದರೆ ಅಂಗಿ ಹೋಗುತ್ತದೆ. ಕೆಟ್ಟ ಜಾಗಕ್ಕೆ ಬಾಣ ಹೊಡೆದು ಜಿಂಕೆಯನ್ನು ಗಾಯಗೊಳಿಸಿದರೆ, ಹೊಡೆದವನೇ ಮೊಣಕಾಲೂರಿ ಮುಂದೆ ತೆವಳುತ್ತ ರಕ್ತ ಹುಡುಕಬೇಕು. ಜೊತೆಗೊಬ್ಬ ಹಿಂದೆ ನಿಂತು, ರಕ್ತ ಸಿಕ್ಕಲ್ಲೆಲ್ಲ ಟಾಯ್ಲೆಟ್ ಪೇಪರಿನ ಚೂರು ಸಿಕ್ಕಿಸುತ್ತ ಬರಬೇಕು. ಅವನು ಬಾಯಿ ಬಿಡುವ ಹಾಗಿಲ್ಲ, ಬೆರಳು ತೋರಿಸುವ ಹಾಗಿಲ್ಲ. ತೆವಳುವವನು ತನ್ನಿಂದಾಗದು ಎಂದರೆ ‘ಸೋತೆ’ ಎನ್ನಬೇಕು. ಹಾಗೆ ಅಂದರೆ ಜೊತೆಗಾರ ಹುಡುಕುತ್ತಾನೆ, ಜಿಂಕೆ ಸಿಗುತ್ತದೆ. ಆದರೆ ಸೋತೆ ಎಂದವನ ಬಿಲ್ಲು ಆ ಗೋಡೆಗೆ ಹೋಗುತ್ತದೆ, ಅವನು ಮತ್ತೆ ನಮ್ಮ ಕಾಡಿನಲ್ಲಿ ಬಿಲ್ಲು ಎತ್ತುವಂತಿಲ್ಲ.

ಯಾಲ್ಮರ್ ಅಜ್ಜನ ಬಿಲ್ಲು ಹಾಗೆ ಹೋಯಿತು. ಎಪ್ಪತ್ತು ದಾಟಿದ್ದ, ಕೈ ನಡುಗುತ್ತಿತ್ತು. ರೇನೊಗೆ ಬಾಣ ಹಿಡಿಯುವುದನ್ನು ಕಲಿಸಿದವನೇ ಅವನು. ಆ ಮುದುಕ ಎರಡು ತಾಸು ತೆವಳಿ ಸೋತೆ ಎಂದಾಗ, ರೇನೊ ಅವನ ಕೈಯಿಂದಲೇ ಬಿಲ್ಲು ತೆಗೆದುಕೊಂಡು ಹೆದೆ ಕತ್ತರಿಸಿ ಮೊಳೆ ಹೊಡೆದ. “ಕಣ್ಣೀರು ಹಾಕ್ಬೇಡ ಯಾಲ್ಮರ್,” ಎಂದ, “ಆ ಜಿಂಕೆ ಹಾಕಿಲ್ಲ.” ಮುದುಕ ಊಟ ಮಾಡದೆ ನಡೆದೇ ಊರಿಗೆ ಹೋದ. ಮತ್ತೆ ಬರಲಿಲ್ಲ.

ನನ್ನ ಕಥೆ ಬೇರೆ. ಅಕ್ಕನ ಮದುವೆಯಾಗಿ ಎರಡು ವರ್ಷಕ್ಕೆ ರೇನೊ ನನ್ನನ್ನೂ ಗುಡಿಸಲಿಗೆ ಕರೆದುಕೊಂಡು ಹೋದ. ನನಗಾಗ ಇಪ್ಪತ್ತೇಳು. ನಾನು ಹೊಡೆದ ಮೊದಲನೆಯ ಜಿಂಕೆಗೆ ಬಾಣ ತೊಡೆಗೆ ಬಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ತೆವಳಲು ಶುರು ಮಾಡಿದೆ. ಸುಳ್ಳು ಜಾಡು ಹಿಡಿದು ಜೌಗಿನಲ್ಲಿ ಇಡೀ ದಿನ ಉರುಳಾಡಿದೆ. ಮೊಣಕಾಲು ಕಿತ್ತು ಹೋಯಿತು, ಅಳುವೂ ಬಂತು. ಸೋತೆ ಮಾತ್ರ ಎನ್ನಲಿಲ್ಲ. ಸಂಜೆ ನಾಲ್ಕಕ್ಕೆ ರೇನೊ ಸಾಕು ಎಂದು ನನ್ನನ್ನು ಎಬ್ಬಿಸಿ, ನಾನು ಬಾಣ ಬಿಟ್ಟ ಮರದಿಂದ ಎಂಬತ್ತು ಹೆಜ್ಜೆ ದೂರದ ಒಂದು ಬಿದ್ದ ಮರದ ಹಿಂದೆ ಕರೆದುಕೊಂಡು ಹೋದ. ಜಿಂಕೆ ಅಲ್ಲಿತ್ತು. ಅವನು ಅದನ್ನು ಬೆಳಗಿನ ಜಾವವೇ ನೋಡಿದ್ದ. ಒಂಬತ್ತು ಗಂಟೆ ನನ್ನ ಹಿಂದೆ ಪೇಪರು ಹಿಡಿದು ನಿಂತು ಮಜಾ ನೋಡಿದ್ದ.

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ನನ್ನದು ಹದಿನೈದು.

ರೇನೊ ತೆವಳಿದ ವರ್ಷ ಗುಡಿಸಲಿನಲ್ಲಿ ಇದ್ದವರು ಮೂವರೇ: ಬರ್ಟಿಲ್, ರೇನೊ, ನಾನು. ಮೂರನೆಯ ಸಂಜೆ ಬೆಳಕು ಕಂದುವ ಹೊತ್ತಿಗೆ ರೇನೊ ಕಾಡಿನಲ್ಲಿ ಮರದ ಮೇಲೆ ಕಟ್ಟಿದ ಬೇಟೆಯ ಅಟ್ಟದಿಂದಿಳಿದು ಬಂದ. ಬಾಗಿಲಲ್ಲಿ ಬೂಟು ಕಳಚಲಿಲ್ಲ. ನೇರ ಬಂದು ಒಂದು ಬಾಣವನ್ನು ಮೇಜಿನ ಮೇಲೆ, ಕಾಫಿ ಲೋಟಗಳ ಮಧ್ಯೆ ಇಟ್ಟ.

“ಅಳ್ಳೆಗೆ ಬಿತ್ತು,” ಎಂದ.

ಬರ್ಟಿಲ್ ಬಾಣವನ್ನೆತ್ತಿ ಮೂಸಿದ. ಪಕ್ಕೆಲುಬಿನಾಚೆ, ಹೊಟ್ಟೆಯ ಚೀಲದಲ್ಲಿ ಹಾದು ಬಂದ ಬಾಣ. ಗರಿಗೆಲ್ಲ ಅರೆದ ಹಸಿರು ಮೆತ್ತಿಕೊಂಡಿತ್ತು, ಹುಳಿ ನಾತ.

“ಇದು ಬಾಣಾನೋ, ಕೊಟ್ಟಿಗೆ ಗುಡಿಸೋ ಕಡ್ಡೀನೋ ರೇನೊ?” ಎಂದ ಬರ್ಟಿಲ್. ಅವನ ಮುಖ ಹಬ್ಬದ ಹಾಗೆ ಅರಳಿತ್ತು. ಮೂವತ್ತು ವರ್ಷದಲ್ಲಿ ರೇನೊನ ಅಂಗಿಯ ಒಂದು ನೂಲೂ ಗೋಡೆಗೆ ಹೋಗಿರಲಿಲ್ಲ. “ಸುತ್ತಿಗೆ ತೆಗೆದಿಡ್ಲಾ? ಮೊಳೆ ತುಕ್ಕು ಹಿಡ್ದಿರ್ಬೋದು.”

ಬಾಣಕ್ಕೆ ಕಡ್ಡಿ ಅಡ್ಡ ಬಂತು ಎಂದ ರೇನೊ. ಅದನ್ನೇ ಎಷ್ಟು ಜನ ಹೇಳಿದ್ದರು, ಅವನು ಎಷ್ಟು ಜನರನ್ನು ಅದಕ್ಕಾಗಿ ಹಂಗಿಸಿದ್ದ. ಹತ್ತು ಹೆಜ್ಜೆಯಲ್ಲಿ ಸೂಜಿಯ ಮೇಲೆ ಕೂತ ಸೊಳ್ಳೆಗೆ ಹೊಡೆಯುವವನಿಗೆ ಕಡ್ಡಿ ಕಾಣಲಿಲ್ಲವೇ ಎಂದು ನಾನು ಕೇಳಿದೆ. ಅವನು ನನ್ನ ಕಡೆ ತಲೆ ಓರೆ ಮಾಡಿ ನೋಡಿದ. ಒಂದು ವರ್ಷದಿಂದ ಅವನು ಎಲ್ಲರನ್ನೂ ಹಾಗೇ, ಕೋಳಿ ಕಾಳನ್ನು ನೋಡುವ ಹಾಗೆ, ಓರೆಯಿಂದ ನೋಡುತ್ತಿದ್ದ. ಅದನ್ನು ನಾನು ಸೊಕ್ಕು ಎಂದುಕೊಂಡಿದ್ದೆ.

ಹೊಟ್ಟೆಗೆ ಬಾಣ ಬಿದ್ದ ಜಿಂಕೆಯ ಹಿಂದೆ ಕೂಡಲೇ ಹೋಗಬಾರದು. ಹೋದರೆ ಎದ್ದು ಮೈಲಿಗಟ್ಟಲೆ ಓಡುತ್ತದೆ, ಸಿಗುವುದೇ ಇಲ್ಲ. ಬಿಟ್ಟರೆ ಹತ್ತಿರದಲ್ಲೇ ಮಲಗಿ, ನಿಧಾನಕ್ಕೆ ಸಾಯುತ್ತದೆ. ಆದ್ದರಿಂದ ಹನ್ನೆರಡು ತಾಸು ಕಾಯಬೇಕು. ಅದು ಅಲ್ಲಿ ಸಾಯುತ್ತಿರುವಾಗ ನಾವು ಇಲ್ಲಿ ಬಟಾಣಿ ಸಾರು ಕುಡಿದು, ಸೌನಾ ಎಂಬ ಹಬೆಕೋಣೆಯಲ್ಲಿ ಬೆವರಿ ಮಲಗಬೇಕು. ಕರುಣೆಯ ಹೆಸರಿನಲ್ಲಿ ನಾವು ಮಾಡುವ ಕೆಲಸ ಇದು. ಆವತ್ತು ರೇನೊ ಸೌನಾಗೆ ಬರಲಿಲ್ಲ, ಸಾರನ್ನೂ ಮುಟ್ಟಲಿಲ್ಲ. ಜೊತೆಗಾರ ಯಾರು ಎಂದು ಬರ್ಟಿಲ್ ಕೇಳಿದಾಗ ಮಾತ್ರ ಬಾಯಿಬಿಟ್ಟ.

“ಒಂಬತ್ ಗಂಟೆ ಬರ್ಲಿ,” ಎಂದ. “ನೋಡ್ಕೊಂಡಾದ್ರೂ ಕಲೀಲಿ.”

ಬೆಳಗಿನ ಜಾವ ಮಳೆ ಹಿಡಿಯಿತು. ಮಳೆ ಬಂದರೆ ರಕ್ತ ತೊಳೆದು ಹೋಗುತ್ತದೆ. ಬೆಳಕು ಹರಿಯುತ್ತಿದ್ದಂತೆ, ನೀರು ತರುತ್ತೇನೆಂದು ಬಿಂದಿಗೆ ಹಿಡಿದು, ಬಿಲ್ಲು ಹೆಗಲಿಗೇರಿಸಿ ನಾನೊಬ್ಬನೇ ಹೊರಟೆ. ಅಳ್ಳೆಗೆ ಪೆಟ್ಟು ಬಿದ್ದ ಜಿಂಕೆಗೆ ಒಳಗೆಲ್ಲ ಉರಿ; ಅದು ನೀರಿನ ಕಡೆಗೇ ಹೋಗುತ್ತದೆ. ಇದನ್ನೂ ನನಗೆ ಕಲಿಸಿದವನು ರೇನೊನೇ. ರಕ್ತದ ಗೊಡವೆಗೆ ಹೋಗದೆ ತೊರೆಯ ಅಂಚು ಹಿಡಿದು ನಡೆದೆ. ಎಂಟೂಕಾಲಕ್ಕೆ ಸಿಕ್ಕಿತು.

ಸೀಡರ್ ಮರಗಳ ನಡುವಿನ ಒಂದು ತಗ್ಗು. ಎರಡು ಕವಲಿನ ಕೊಂಬಿನ ಎಳೆಯ ಗಂಡು ಜಿಂಕೆ, ಕಾಲು ಮಡಿಸಿ ಮಲಗಿತ್ತು, ತಲೆ ಎತ್ತಿಯೇ ಇತ್ತು. ಕಿವಿಯ ತುದಿಯಿಂದ ಮಳೆಯ ಹನಿ ಬೀಳುತ್ತಿತ್ತು. ನನ್ನನ್ನು ಕಂಡು ಏಳಲು ಹೋಯಿತು. ಮುಂಗಾಲೆರಡೂ ಎದ್ದವು, ಹಿಂಗಾಲು ಏಳಲಿಲ್ಲ. ಮತ್ತೆ ಕೂತು ನನ್ನನ್ನೇ ನೋಡಿತು. ಹನ್ನೆರಡು ಹೆಜ್ಜೆ ದೂರ. ನನ್ನ ಹೆಗಲಿನಲ್ಲಿ ಬಿಲ್ಲಿತ್ತು, ಬೆನ್ನಿಗೆ ಆರು ಬಾಣ. ಒಂದು ಸಾಕಾಗಿತ್ತು.

ಗಾಯಗೊಂಡ ಜಿಂಕೆ ಹೊಡೆದವನಿಗೆ ಸೇರಿದ್ದು, ಅವನೇ ಮುಗಿಸಬೇಕು ಎಂಬುದೊಂದು ನಿಯಮ ನಮ್ಮಲ್ಲಿದೆ. ನಾನು ಅದರ ಹಿಂದೆ ಅಡಗಿಕೊಳ್ಳುವುದಿಲ್ಲ. ಸಾಯಿಸಿ ಬಂದು, ಭಾವ ನಿನ್ನ ಜಿಂಕೆ ತೊರೆಯ ಹತ್ತಿರ ಇದೆ ಎಂದಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಅವನು ಒಂಬತ್ತು ಗಂಟೆ ತೆವಳಬೇಕು, ಸೋತೆ ಎನ್ನಬೇಕು, ಆಮೇಲೆ ನಾನು ಅವನನ್ನು ನೇರ ಇಲ್ಲಿಗೆ ಕರೆದುಕೊಂಡು ಬರಬೇಕು. ಜಾಗ ಮರೆಯದಿರಲೆಂದು, ಕೈ ಅಭ್ಯಾಸಕ್ಕೆ, ಜೇಬಿನ ಪೇಪರಿನ ಒಂದು ಚೂರನ್ನು ಕಡ್ಡಿಗೆ ಸಿಕ್ಕಿಸಿದೆ. ಬಿಂದಿಗೆಗೆ ನೀರು ತುಂಬಿಕೊಂಡು ಹಿಂದಿರುಗಿದೆ. ಜಿಂಕೆ ಕತ್ತು ತಿರುಗಿಸಿ ನೋಡುತ್ತಲೇ ಇತ್ತು.

ಒಂಬತ್ತಕ್ಕೆ ಮಳೆ ನಿಂತಿತು. ಹತ್ತಕ್ಕೆ ರೇನೊ ಮೊಣಕಾಲೂರಿದ.

ಮೊದಮೊದಲು ಬರ್ಟಿಲ್ ಕೂಡ ಜೊತೆಯಲ್ಲಿದ್ದ, ಬರೀ ನೋಡಿ ನಗಲು. ಕೂಸು ಅಂಬೆಗಾಲಿಡ್ತಿದೆ, ಗಿಲಕಿ ಕೊಡೋ ಎಂದ. ಮೊಣಕಾಲಿಗೆ ಕೊಬ್ಬು ಸವರಿಕೊಡ್ಲಾ ಎಂದ. ರೇನೊ ಉತ್ತರ ಕೊಡಲಿಲ್ಲ. ಉತ್ತರ ಕೊಡದ ರೇನೊನನ್ನು ನಾವು ಯಾವತ್ತೂ ಕಂಡಿರಲಿಲ್ಲ, ಹಾಗಾಗಿ ಬರ್ಟಿಲ್‌ಗೆ ಬೇಗ ಬೇಸರ ಬಂತು, ಅಡುಗೆ ಇದೆ ಎಂದು ಹೊರಟುಹೋದ. ಉಳಿದವರು ನಾವಿಬ್ಬರೇ.

ಮೊದಲ ನಲವತ್ತು ಹೆಜ್ಜೆ ಅವನು ಸರಿಯಾಗಿಯೇ ಹೋದ, ಗೊರಸಿನ ಗುರುತು ನೆಲದಲ್ಲಿ ಆಳವಾಗಿ ಊರಿತ್ತು. ಆಮೇಲೆ ಎಲೆಯ ಹಾಸು. ಮಳೆ ಮೇಲಿನ ರಕ್ತವನ್ನೆಲ್ಲ ತೊಳೆದಿದ್ದರೂ ಪೂರ್ತಿ ತೊಳೆದಿರಲಿಲ್ಲ. ಬಾಗಿದ ಜರಿಗಿಡದ ಕೆಳಗೆ, ಎಲೆಯ ಅಡಿಗೆ, ಅಲ್ಲಲ್ಲಿ ಉಳಿದಿತ್ತು. ನನಗೆ ನಿಂತಲ್ಲಿಂದ ಕಾಣುತ್ತಿತ್ತು. ಅವನು ಅಂಗೈಯಿಂದ ಎಲೆ ಸವರುತ್ತಿದ್ದ. ಬೆರಳನ್ನು ಮೂಗಿಗೆ ಹಿಡಿಯುತ್ತಿದ್ದ, ಕೆಲವೊಮ್ಮೆ ನಾಲಗೆಗೆ. ಹೊಸ ರೀತಿ ಎಂದುಕೊಂಡೆ. ಮುದುಕ ಕಷ್ಟಪಡಲಿ ಎಂದುಕೊಂಡೆ.

ಹನ್ನೊಂದು ದಾಟಿರಬೇಕು. ಒಂದು ಹಳದಿ ಬರ್ಚ್ ಎಲೆಯ ಮೇಲೆ, ಮೇಲಿನ ಕೊಂಬೆಯ ಮರೆಯಲ್ಲಿ ಮಳೆ ತಾಗದೆ, ಅಂಗಿ ಗುಂಡಿಯಷ್ಟು ದೊಡ್ಡ ರಕ್ತದ ಕಲೆ ಉಳಿದಿತ್ತು. ಹಳದಿಯ ಮೇಲೆ ಕಪ್ಪು ಕೆಂಪು. ಕಾಡಿಗೆ ಕಾಲಿಡದ ಪಾದ್ರಿಯ ಹೆಂಡತಿಗೂ ಕಾಣಬೇಕು. ರೇನೊನ ಮೂಗಿಗೂ ಅದಕ್ಕೂ ಒಂದು ಗೇಣು. ಅವನು ಅದರ ಪಕ್ಕ ಕೈಯಾಡಿಸಿ ಎಡಕ್ಕೆ ಹೊರಳಿದ.

ನಾನು ಸದ್ದಿಲ್ಲದೆ ಮುಂದೆ ಹೋಗಿ ಆ ಎಲೆಯನ್ನೆತ್ತಿ ಅವನ ಕೈಯೆದುರು, ರಕ್ತ ಮೇಲಾಗಿ ಇಟ್ಟೆ. ಅವನು ಆ ಎಲೆಯನ್ನು ಪಕ್ಕಕ್ಕೆ ಸರಿಸಿ ಅದರಡಿಯ ನೆಲದಲ್ಲಿ ರಕ್ತ ಹುಡುಕಿದ.

ಆಗ ತಿಳಿಯಿತು. ಕಡ್ಡಿ ಅಡ್ಡ ಬಂದದ್ದು ಸುಳ್ಳು. ಓರೆ ನೋಟ ಸೊಕ್ಕಿನದಲ್ಲ. ಅವನ ಕಣ್ಣಿನ ನಡುಭಾಗ ಹೋಗಿತ್ತು, ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ವಸಂತದಲ್ಲೇ ಡಾಕ್ಟರು ಹೇಳಿದ್ದರಂತೆ, ಅಕ್ಕ ಆಮೇಲೆ ಹೇಳಿದಳು. ಆದರೂ ಬಿಲ್ಲು ಹಿಡಿದು ಅಟ್ಟ ಹತ್ತಿದ್ದ. ಗಣಿ ಮುಚ್ಚಿತ್ತು, ಮಕ್ಕಳಿರಲಿಲ್ಲ. ಆ ಹತ್ತು ದಿನ ಬಿಟ್ಟರೆ ಅವನು ಯಾರೂ ಅಲ್ಲ. ಬಿಲ್ಲು ಗೋಡೆಗೆ ಹೋದರೆ ಅದೂ ಹೋಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಹೇಳಬೇಕಾದ್ದು ಇದೇ, ಇದನ್ನು ಹೇಳಲೆಂದೇ ಬರೆಯಲು ಕೂತದ್ದು: ನಡುಹಗಲಿನ ಹೊತ್ತಿಗೆ ಅವನು ಕುರುಡನೆಂದು ನನಗೆ ಗೊತ್ತಿತ್ತು, ಜಿಂಕೆ ಎಲ್ಲಿದೆ ಎಂದು ಗೊತ್ತಿತ್ತು, ಅದಕ್ಕೆ ಜೀವ ಇರಬಹುದು ಎಂದೂ ಗೊತ್ತಿತ್ತು. ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಖುಷಿಯಾಯಿತು. ಎಷ್ಟು ಖುಷಿಯಾಯಿತೆಂದರೆ ಜೇಬಿನಿಂದ ಮಾಂಸದ ಕಡುಬು ತೆಗೆದು ನಿಂತಲ್ಲೇ ತಿಂದೆ. ಅವನಿಗೂ ಅರ್ಧ ಮುರಿದುಕೊಟ್ಟೆ. ಅವನು ಮೊಣಕಾಲ ಮೇಲೆಯೇ ಕೂತು ಅದನ್ನು ಹಿಡಿದುಕೊಂಡ, ತಿನ್ನಲಿಲ್ಲ.

“ಒಂಬತ್ ಗಂಟೆ,” ಎಂದ ತಗ್ಗಿದ ದನಿಯಲ್ಲಿ. “ಈ ಎಲೆಗಳ ಬಣ್ಣ ಒಂಥರಾ ಇದೆ ಈ ಸಲ. ನಿಂಗೇನಾದ್ರೂ ಕಾಣ್ತಿದ್ಯಾ?”

“ನಾನು ಮಾತಾಡಂಗಿಲ್ಲ ಭಾವ. ಕಾನೂನು ನಿಂದೇ,” ಎಂದೆ. “ಸೋತೆ ಅಂತೀಯಾ?”

ಅವನು ಕಡುಬನ್ನು ಪಾಚಿಯ ಮೇಲಿಟ್ಟು ಮತ್ತೆ ತೆವಳಿದ.

ತಪ್ಪು ದಿಕ್ಕಿಗೆ ತೆವಳಿದ. ತೊರೆ ಬಲಕ್ಕಿತ್ತು, ಅವನು ಎಡಕ್ಕೆ, ದಿಬ್ಬದ ಕಡೆ ಹೋಗುತ್ತಿದ್ದ. ನಾನು ಹಿಂದೆ ಹಿಂದೆ ಹೋದೆ. ಸಿಗದ ರಕ್ತಕ್ಕೆ ಪೇಪರು ಬೇಕಾಗಿರಲಿಲ್ಲ. ಸುರುಳಿ ನನ್ನ ಕೈಯಲ್ಲಿ ಹಾಗೇ ಇತ್ತು. ಒಮ್ಮೆ ಒದ್ದೆ ಅಣಬೆಯೊಂದನ್ನು ಮುಟ್ಟಿ, ಸಿಕ್ಕಿತು ಎಂದು ಬೆರಳನ್ನು ಬಾಯಿಗಿಟ್ಟು, ಉಗುಳಿದ. ಇನ್ನೊಮ್ಮೆ ಮುಳ್ಳುಕಂಟಿಗೆ ಮುಖ ಕೊಟ್ಟು ಹಣೆಯಲ್ಲಿ ರಕ್ತ ಬಂತು. ಅದು ಅವನ ಕೈಗಿಳಿಯಿತು, ಕೈಯಿಂದ ಎಲೆಗೆ. ಸ್ವಲ್ಪ ಹೊತ್ತು ಅವನು ತನ್ನ ರಕ್ತವನ್ನೇ ಮೂಸುತ್ತ ಸುತ್ತ ಸುತ್ತಿದ. ನಾನು ನಗು ತಡೆಯಲು ಅಂಗಿಯ ತೋಳು ಕಚ್ಚಿಕೊಂಡೆ. ಸುಳ್ಳು ಬರೆದು ಏನು ಪ್ರಯೋಜನ.

ಎರಡಕ್ಕೆ ಕಾಡುಕಾಗೆ ಕೂಗಿತು. ಬಲಕ್ಕೆ, ದೂರದಲ್ಲಿ, ತೊರೆಯ ಕಡೆ. ಇನ್ನೊಂದು ಬಂದು ಸೇರಿತು. ರೇನೊ ತಲೆ ಎತ್ತಿದ.

“ಅಲ್ಲಿ,” ಎಂದ.

ಅವನದೇ ಒಂದು ಮಾತಿತ್ತು, ಹೊಸಬರಿಗೆಲ್ಲ ಹೇಳುತ್ತಿದ್ದದ್ದು: ರಕ್ತ ಬಿಟ್ಟು ಕಾಗೆ ಹಿಂದೆ ಹೋಗುವವನು ಬೇಟೆಗಾರನಲ್ಲ, ಹೆಣ ಹೊರುವವನು. ನನ್ನ ಬೆನ್ನ ಮೇಲೆ ಆ ಮಾತನ್ನು ಅವನು ನೂರು ಸಲ ಹೊಡೆದಿದ್ದ. ಈಗ ಅದನ್ನೇ ನಾನು ಅವನಿಗೆ, ಅಕ್ಷರ ಬಿಡದೆ, ಅವನ ದನಿಯಲ್ಲೇ ಹೇಳಿದೆ. ಅವನ ಕಿವಿ ಕೆಂಪಾಯಿತು. ತಲೆ ತಗ್ಗಿಸಿ ಮತ್ತೆ ಎಲೆ ಸವರಲು ಶುರು ಮಾಡಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಆಗ ನೆನಪಾಗಿ ನನಗೆ ಇನ್ನೂ ಖುಷಿಯಾಯಿತು. ಇಲಿ ಇವನೇ ಎಂದುಕೊಂಡಿದ್ದೆ. ತೊರೆಯ ಹತ್ತಿರ ಮಲಗಿದ್ದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಮೂರು ದಾಟಿತು. ಕಾಗೆಗಳು ಈಗ ಐದಾರು. ರೇನೊ ಇದ್ದಕ್ಕಿದ್ದಂತೆ ನಿಂತ. ತೆವಳುವುದನ್ನು ಬಿಟ್ಟು, ಹಿಮ್ಮಡಿಯ ಮೇಲೆ ಕೂತು, ಕಣ್ಣು ಮುಚ್ಚಿ ಕೇಳಿಸಿಕೊಂಡ. ಅವನ ಮುಖ ಬದಲಾಗುತ್ತ ಹೋದದ್ದನ್ನು ನೋಡಿದೆ.

“ಇಳೀತಿವೆ, ಏಳ್ತಿವೆ,” ಎಂದ. “ಇಳೀತಿವೆ, ಏಳ್ತಿವೆ. ಸತ್ತಿದ್ರೆ ಇಳಿದವು ಏಳಲ್ಲ.”

ನಾನು ಪೇಪರಿನ ಸುರುಳಿಯನ್ನು ಜೇಬಿಗೆ ತುರುಕಿದೆ.

“ಸೋತೆ,” ಎಂದ ರೇನೊ. “ಸೋತೆ ಅಂದೆ, ಕೇಳಿಸ್ತಾ? ನಂಗೆ ರಕ್ತ ಕಾಣಲ್ಲ. ಬಿಲ್ಲು ತಗೋ, ಏನ್ ಬೇಕಾದ್ರೂ ಮಾಡು. ಅದಕ್ಕಿನ್ನೂ ಜೀವ ಇದೆ ಕಣೋ. ಓಡು.”

ಹದಿನೈದು ವರ್ಷ ನಾನು ಕಾದಿದ್ದ ಮಾತು. ಬಂದಾಗ ಹೀಗೆ ಬಂತು. ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ, ನನ್ನನ್ನು ನೋಡಿಯೂ ಹೇಳಿರಲಿಲ್ಲ. ಎದ್ದು ನನ್ನ ಕೋಟಿನ ಬೆನ್ನು ಹಿಡಿದುಕೊಂಡ. ನಾನು ನಡೆದೆ, ಆಮೇಲೆ ಓಡಿದೆ. ಅವನು ಬೇರು ಎಡವುತ್ತ, ಬಿದ್ದು ಎದ್ದು, ಕೋಟು ಬಿಡದೆ ಬಂದ. ಒಮ್ಮೆಯೂ ನಿಲ್ಲದೆ, ಒಂದು ಕಡೆಯೂ ಗುರುತು ಹುಡುಕದೆ ನಾನು ಅವನನ್ನು ನೇರ ಆ ತಗ್ಗಿಗೆ ತಂದೆ. ಹತ್ತೇ ನಿಮಿಷ ಹಿಡಿಯಿತು.

ಕಾಗೆಗಳು ಎದ್ದವು. ಜಿಂಕೆ ಬೆಳಿಗ್ಗೆ ಇದ್ದ ಕಡೆಯೇ ಇತ್ತು, ಮಗ್ಗುಲಾಗಿ ಬಿದ್ದಿತ್ತು. ಬಾಲದ ಕೆಳಗೆ ಕಾಗೆಗಳು ಕುಕ್ಕಿ ತೆರೆದಿದ್ದವು. ಮೇಲಿನ ಕಣ್ಣು ಇರಲಿಲ್ಲ. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ನಮ್ಮ ಹೆಜ್ಜೆಯ ಸದ್ದಿಗೆ ಮುಂಗಾಲು ಎರಡು ಸಲ ನೆಲ ಕೆರೆಯಿತು.

ರೇನೊ ಮಂಡಿಯೂರಿ ಕೈಯಿಂದ ಅದನ್ನು ನೋಡಿದ. ಕೊಂಬು, ಹಣೆ, ಖಾಲಿ ಗುಳಿ. ಅಲ್ಲಿ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಎಡಗೈಯಿಂದ ಅದರ ಇನ್ನೊಂದು ಕಣ್ಣನ್ನು ಮುಚ್ಚಿ ಹಿಡಿದು, ಬಲಗೈಯಿಂದ ಗಂಟಲು ತಡವಿ, ಚಾಕು ಇಳಿಸಿದ. ಅದು ಬೇಗ ಮುಗಿಯಿತು. ಅದು ಯಾವಾಗಲೂ ಬೇಗ ಮುಗಿಯುವಂಥದ್ದೇ.

ಚಾಕುವನ್ನು ಪಾಚಿಯಲ್ಲಿ ಒರೆಸಿ, ಏಳಲು ಆಸರೆಗೆಂದು ಪಕ್ಕದ ಗಿಡ ಹಿಡಿದ. ಅವನ ಬೆರಳಿಗೆ ಪೇಪರು ಸಿಕ್ಕಿತು. ನಾನು ಬೆಳಿಗ್ಗೆ ಸಿಕ್ಕಿಸಿದ ಚೂರು. ಅವನು ಎಳೆದ, ಬರಲಿಲ್ಲ. ಉಗುರಿನಲ್ಲಿ ಕೆರೆದು ಬಿಡಿಸಿದ. ಮಳೆಯಲ್ಲಿ ನೆಂದು, ಕಡ್ಡಿಗೆ ಅಂಟಿನ ಹಾಗೆ ಮೆತ್ತಿಕೊಂಡು, ಒಣಗಿತ್ತು. ಅದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದ, ಮುರಿದ ಕಡ್ಡಿಯನ್ನು ಉಜ್ಜಿ ಹೊತ್ತು ಹೇಳುತ್ತಿದ್ದನಲ್ಲ, ಹಾಗೆ.

“ಮಳೆ ಎಷ್ಟೊತ್ತಿಗೆ ನಿಂತಿದ್ದು?” ಎಂದು ಕೇಳಿದ.

“ಒಂಬತ್ತಕ್ಕೆ,” ಎಂದೆ.

ಅವನು ತಲೆಯಾಡಿಸಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಅನಿಸಿತು. ಅವನು ಆ ಚೂರನ್ನು ಉಂಡೆ ಮಾಡಿ ಜೇಬಿಗಿಟ್ಟುಕೊಂಡು, ಜಿಂಕೆಯ ಕತ್ತಿನ ಮೇಲೆ ಕೈಯಿಟ್ಟು ಕೂತೇ ಇದ್ದ.

“ನಿನ್ ಜಿಂಕೆ ಸತ್ತಿತ್ತು ಒನ್ನಿ,” ಎಂದ ಕೊನೆಗೆ. “ಆವತ್ತು. ಕತ್ತು ಮುಟ್ಟಿ, ತಣ್ಣಗಾಗಿದೆ ಅಂತ ನೋಡ್ಕೊಂಡ್ ಬಂದೇ ನಿನ್ನ ತೆವಳಿಸಿದ್ದು.”

ಹದಿನೈದು ವರ್ಷದಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ.

ಹೊಟ್ಟೆಯ ಹೊಲಸು ಒಳಗೆಲ್ಲ ಹರಡಿ ಮಾಂಸ ಕೆಟ್ಟಿತ್ತು, ಆದರೂ ಬಿಟ್ಟು ಬರಲು ಅವನು ಒಪ್ಪಲಿಲ್ಲ. ಹಗ್ಗ ಕಟ್ಟಿ ಇಬ್ಬರೂ ಎಳೆದೆವು. ಗುಡಿಸಲಿನ ಬಾಗಿಲಲ್ಲಿ ಬರ್ಟಿಲ್ ಸುತ್ತಿಗೆ ಹಿಡಿದು ತಮಾಷೆಗೆ ನಿಂತಿದ್ದ. ರೇನೊ ಆ ಸುತ್ತಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು, ತಡವುತ್ತ ಗೋಡೆಗೆ ಹೋಗಿ, ತನ್ನ ಬಿಲ್ಲಿನ ಹೆದೆ ಕತ್ತರಿಸಿ, ಯಾಲ್ಮರ್ ಅಜ್ಜನ ಬಿಲ್ಲಿನ ಪಕ್ಕ ತಾನೇ ಮೊಳೆ ಹೊಡೆದ. ಎರಡು ಪೆಟ್ಟು ಬೆರಳ ಮೇಲೆ ಬಿದ್ದವು. ಬರ್ಟಿಲ್‌ನ ನಗು ಎಲ್ಲೋ ಅರ್ಧಕ್ಕೆ ನಿಂತಿತು. ಜಿಂಕೆ ಎಲ್ಲಿ ಸಿಕ್ಕಿತು ಎಂದು ಕೇಳಿದ. ತೊರೆಯ ಹತ್ತಿರ, ಒನ್ನಿ ಹುಡುಕಿದ, ಒಳ್ಳೆಯ ಕಣ್ಣು ಅವನದು ಎಂದ ರೇನೊ. ಅಷ್ಟೇ. ಪೇಪರಿನ ವಿಷಯ ಅವನಿಗೆ ಹೇಳಲಿಲ್ಲ, ನನ್ನ ಅಕ್ಕನಿಗೂ ಹೇಳಲಿಲ್ಲ.

ಆಮೇಲೆ ಅವನು ಏಳು ವರ್ಷ ಬದುಕಿದ. ಕೊನೆಯ ಐದು ವರ್ಷ ಅಂಚಿನ ಬೆಳಕೂ ಇರಲಿಲ್ಲ. ಭಾನುವಾರ ನಾನು ಹೋಗುತ್ತಿದ್ದೆ, ಸ್ನಾನಕ್ಕೆ ಸೌನಾದ ಒಲೆ ಹೊತ್ತಿಸಿ ಕೊಡುತ್ತಿದ್ದೆ. ಅವನು ಎಲ್ಲರನ್ನೂ ಮೊದಲಿನ ಹಾಗೇ ಚುಚ್ಚುತ್ತಿದ್ದ. ಪಾದ್ರಿಯನ್ನು, ಬರ್ಟಿಲ್‌ನನ್ನು, ಡಾಕ್ಟರನ್ನು, ಅಕ್ಕನ ಅಡುಗೆಯನ್ನು. ನನ್ನೊಬ್ಬನನ್ನು ಬಿಟ್ಟು. ನನ್ನನ್ನು ಒನ್ನಿ ಎನ್ನುತ್ತಿದ್ದ. ಬಾ ಒನ್ನಿ, ಕೂತ್ಕೋ ಒನ್ನಿ, ಹಿಮ ಹೆಂಗಿದೆ ಒನ್ನಿ. ಹಳೆಯ ಹೆಸರನ್ನು ಅವನು ಬಿಟ್ಟ ಮೇಲೆ ಊರೂ ಬಿಟ್ಟಿತು. ಎರಡು ವರ್ಷದಲ್ಲಿ ಪೆಟ್ರೋಲ್ ಬಂಕಿನವನಿಗೂ ನಾನು ಒನ್ನಿಯಾದೆ. ಯಾವುದಕ್ಕಾಗಿ ಅಷ್ಟು ವರ್ಷ ಹಲ್ಲು ಕಡಿದಿದ್ದೆನೋ ಅದು ತಾನಾಗಿ ಸಿಕ್ಕಿತು.

ಒಂದು ಭಾನುವಾರ ಸೌನಾದ ಬೆಂಚಿನಲ್ಲಿ ಇಬ್ಬರೇ ಇದ್ದಾಗ ತಡೆಯಲಾಗಲಿಲ್ಲ. ಒಂದು ಸಲ ಹಳೆಯ ಹೆಸರಿನಲ್ಲಿ ಕರಿ ಭಾವ, ಎಂದೆ.

ಅವನು ನನ್ನ ದನಿಯ ಕಡೆ ತಲೆ ಓರೆ ಮಾಡಿದ. ಬಿಸಿ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದ. ಹಬೆ ಏರಿ ಇಳಿಯಿತು.

“ಆ ಹೆಸ್ರು ತಮಾಷೆಗೆ ಇಟ್ಟಿದ್ದು ಒನ್ನಿ,” ಎಂದ.